ಬ್ಲೌಸ್ ಟೇಪಿನಲ್ಲಿ ಅಳೆದ ಬೀದಿ

ಹೋದ ತಿಂಗಳು ನಮ್ಮ ಬೀದಿಯನ್ನು ಬ್ಲೌಸ್ ಟೇಪಿನಲ್ಲಿ ಅಳೆದೆ.

ನಗಬೇಡಿ. ಟೇಲರ್ ಮನೆಯಲ್ಲಿ ಬೇರೆ ಟೇಪು ಎಲ್ಲಿಂದ ಬರಬೇಕು? ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಕರೆಂಟ್ ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಟೇಪಿನ ಒಂದು ತುದಿಯನ್ನು ಕಲ್ಲಿನ ಕೆಳಗಿಟ್ಟು ಇನ್ನೊಂದು ತುದಿಯನ್ನು ಎಳೆದುಕೊಂಡು ಹೋಗುತ್ತಿದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೇಪು ಮುಗಿಯುತ್ತದೆ. ಅಲ್ಲೊಂದು ಚಾಕ್‌ಪೀಸ್ ಗೆರೆ. ಮತ್ತೆ ಕಲ್ಲು, ಮತ್ತೆ ಎಳೆ.

ಎದುರು ಮನೆಯ ಮೇಷ್ಟ್ರು ಹಲ್ಲುಜ್ಜುತ್ತಾ ಹೊರಗೆ ಬಂದವರು ಬ್ರಷ್ ಬಾಯಲ್ಲೇ ಇಟ್ಟುಕೊಂಡು ನೋಡುತ್ತ ನಿಂತರು. ಬೀದಿಗೆ ಬ್ಲೌಸ್ ಹೊಲಿಯುವ ಆರ್ಡರ್ ಬಂದಿದೆಯಾ ಅಂತ ವಿಚಾರಿಸಿದರು. ಹೌದು ಸರ್, ಕುತ್ತಿಗೆ ಎಷ್ಟು ಡೀಪ್ ಇಡಲಿ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಗಂಡ ಸತ್ತು ವರ್ಷ ತುಂಬದ ಹೆಂಗಸು ಬೀದಿಯಲ್ಲಿ ಕುಳಿತು ಹೀಗೆಲ್ಲ ತಮಾಷೆ ಮಾಡಬಾರದು. (ಅದೂ ಒಂದು ನಿಯಮ. ಎಲ್ಲೂ ಅಚ್ಚಾಗಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ.)

ನಾನು ಅಳೆಯುತ್ತಿದ್ದದ್ದು ಒಂದು ಗಿಡಕ್ಕೆ ಜಾಗ. ನಮ್ಮ ಯಜಮಾನರ ಹೆಸರಿನಲ್ಲಿ ಒಂದು ಬೇವಿನ ಗಿಡ ನೆಡಬೇಕು. ಅಷ್ಟೇ ಆಸೆ.

ಅಷ್ಟೇ ಅಂದೆನೇ? ಅದರ ಕಷ್ಟ ಕೇಳಿ.

ಮೊದಲನೇ ಕಷ್ಟ, ನಮ್ಮ ಯಜಮಾನರು ಲೈನ್‌ಮನ್ ಆಗಿದ್ದರು. ಈ ಅಂಕಣ ಓದುವವರಿಗೆ ಕೊಟ್ರೇಶಪ್ಪ ಹೊಸಬರೇನಲ್ಲ. ಅವರ ಊಟ, ಅವರ ಗೊರಕೆ, ಅವರು ನನ್ನ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಲು ಹೋಗಿ ಇಡೀ ಮನೆಯ ಫ್ಯೂಸ್ ಹಾರಿಸಿದ್ದು, ಎಲ್ಲವನ್ನೂ ಬರೆದು ನಿಮ್ಮನ್ನು ನಗಿಸಿದ್ದೇನೆ. ಆದರೆ ಅವರ ಮುಖ್ಯ ಕೆಲಸದ ಬಗ್ಗೆ ಬರೆದಿರಲಿಲ್ಲ. ತಂತಿ ಎಳೆಯುವುದು, ಕಂಬ ಹತ್ತುವುದು ಎಲ್ಲ ಇತ್ತು, ನಿಜ. ಆದರೆ ಮಳೆಗಾಲಕ್ಕೆ ಮೊದಲು ಅವರು ಮಾಡುತ್ತಿದ್ದದ್ದು ಒಂದೇ ಕೆಲಸ. ಗಿಡ ಕಡಿಯುವುದು.

ತಂತಿಗೆ ತಾಗುವ ಕೊಂಬೆ ಕಡಿಯಬೇಕು, ಇಲ್ಲವಾದರೆ ಗಾಳಿ ಬೀಸಿದ ಕೂಡಲೇ ಕರೆಂಟ್ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಕರೆಂಟ್ ಹೋದಾಗ ಲೈನ್‌ಮನ್‌ಗೆ ಬೈಯುವವರೂ ನೀವೇ, ಕೊಂಬೆ ಕಡಿದಾಗ ಬೈಯುವವರೂ ನೀವೇ. ಕೂಡ್ಲಿಗಿಯಲ್ಲಿ ಒಬ್ಬರ ಹುಣಸೆ ಕಡಿದು ಬೈಸಿಕೊಂಡರು. ಕೊಟ್ಟೂರಿನಲ್ಲಿ ಹೊಂಗೆ. ಹಡಗಲಿಯಲ್ಲಿ ಒಂದು ಮಲ್ಲಿಗೆ ಬಳ್ಳಿ ಮಾಳಿಗೆ ಹತ್ತಿ, ಮಾಳಿಗೆಯಿಂದ ತಂತಿ ಹತ್ತಿ, ಇನ್ನೇನು ಮೀಟರ್ ಬೋರ್ಡಿಗೆ ಹೂ ಬಿಡಬೇಕು ಅನ್ನುವಾಗ ಇವರು ಕತ್ತರಿಸಿದರಂತೆ. ಆ ಮನೆಯ ಅಜ್ಜಿ ನಿನ್ನ ಕೈ ಸೇದಿಹೋಗಲಿ ಅಂದಳು. ಮರುದಿನ ಅದೇ ಅಜ್ಜಿಯ ಮನೆಯಲ್ಲಿ ಫ್ಯಾನ್ ತಿರುಗದಿದ್ದಾಗ ಇವರೇ ಹೋಗಿ ಸರಿಮಾಡಿ, ಅವಳು ಕೊಟ್ಟ ಕುಪ್ಪಸದ ಬಟ್ಟೆಯ ಮೇಲೆ ಒಂದು ಮೊಳ ಮಲ್ಲಿಗೆ ಇಟ್ಟುಕೊಂಡು ಮನೆಗೆ ಬಂದರು.

ಹೀಗಾಗಿ ಊರಲ್ಲಿ ಅವರನ್ನು ಕಂಡರೆ ಮನುಷ್ಯರಿಗೆ ಸಿಟ್ಟು. ಆದರೆ ಆಡುಗಳಿಗೆ ಪ್ರಾಣ.

ಅದೊಂದು ಪದ್ಧತಿಯೇ ಆಗಿತ್ತು. ಅವರ ಬಳಿ ಒಂದು ದೋಟಿ ಇತ್ತು, ಅಂದರೆ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರು ಗಳ. ದೂರದಿಂದ ಕಾಣಲಿ ಅಂತ ಮೇಲ್ತುದಿಗೆ ಕೆಂಪು ಪೇಂಟಿನ ಪಟ್ಟೆ ಹೊಡೆದಿದ್ದರು. ಆ ದೋಟಿ ಯಾವ ಬೀದಿಯಲ್ಲಿ ಎದ್ದು ನಿಂತಿತೋ ಆ ಬೀದಿಗೆ ದುರುಗವ್ವನ ಆಡುಗಳು ಹಾಜರು. ದುರುಗವ್ವ ನಮ್ಮ ಹಿಂದಿನ ಓಣಿಯವಳು, ಕುರಿ ಆಡು ಸಾಕಿದವಳು. ಬಿದ್ದ ಕೊಂಬೆ ಎತ್ತಿ ಸಾಗಿಸುವ ಗೋಳು ಲೈನ್‌ಮನ್‌ಗೆ ತಪ್ಪಿತು, ಸೊಪ್ಪಿನ ಖರ್ಚು ದುರುಗವ್ವನಿಗೆ ತಪ್ಪಿತು. ಆಡುಗಳಂತೂ ದೋಟಿಯ ಕೆಳಗೆ ಸುತ್ತಲೂ ನಿಂತು, ಕತ್ತು ಮೇಲೆತ್ತಿ, ಪಂಕ್ತಿಯಲ್ಲಿ ಎರಡನೇ ಸಲ ಪಾಯಸ ಬರುತ್ತದೆಯೇ ಎಂದು ನೋಡುವವರ ಹಾಗೆ ನೋಡುತ್ತಿದ್ದವು.

ಕಳೆದ ಬೇಸಿಗೆಯ ಕೊನೆಗೆ ನಮ್ಮ ಯಜಮಾನರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ದೋಟಿ ಹಿತ್ತಲ ಗೋಡೆಗೆ ಒರಗಿಕೊಂಡೇ ಉಳಿಯಿತು.

ಮದುವೆಯಾದಾಗಿನಿಂದ ಮನೆ ಮುಂದೆ ಒಂದು ಬೇವು ಹಾಕೋಣ ಅಂತ ನಾನು ಕೇಳುತ್ತಿದ್ದೆ. ನಮ್ಮ ಸೀಮೆಯ ಬಿಸಿಲು ನಿಮಗೆ ಹೇಳಬೇಕೇ? ಮಧ್ಯಾಹ್ನ ಹೊಲಿಗೆ ಮಷಿನ್ನಿನ ಚಕ್ರ ಮುಟ್ಟಿದರೆ ಕೈ ಚುರುಕ್ಕೆನ್ನುತ್ತದೆ. ಅವರ ಉತ್ತರ ಯಾವಾಗಲೂ ಒಂದೇ ಇರುತ್ತಿತ್ತು.

“ಮ್ಯಾಲೆ ಲೈನ್ ಐತಿ. ಹಚ್ಚೂದು ನೀನು, ಕಡಿಯೂದು ನಾನು. ಮನ್ಯಾಗ ಆ ಜಗಳ ಬ್ಯಾಡ.”

ಅದಕ್ಕೇ ನನಗೆ ಹಟ. ಅವರ ಹೆಸರಿನ ಗಿಡ ಯಾರೂ ಕಡಿಯದ ಗಿಡವಾಗಬೇಕು. ತಂತಿ ಇಲ್ಲದ ಕಡೆ, ಕಾನೂನಿನ ಪ್ರಕಾರ, ಅವರೇ ಬಂದು ನೋಡಿದರೂ ತಪ್ಪು ಹುಡುಕಲಾಗದ ಹಾಗೆ. ಜೀವಮಾನವಿಡೀ ಗಿಡ ಕಡಿದವನು ಅಂತ ಜನ ನೆನೆಯುತ್ತಾರಲ್ಲ, ಒಂದು ಗಿಡವಾದರೂ ಅವರ ಲೆಕ್ಕದಲ್ಲಿ ಮೇಲೆ ಏಳಲಿ.

ಮಳೆಗಾಲ ಹತ್ತಿರ ಬಂದಾಗ ಪುರಸಭೆಯಿಂದ ಒಬ್ಬರು ಮೇಡಂ ಬಂದರು. ಬೀದಿಗೆ ಸಸಿ ಕೊಡುತ್ತೇವೆ, ನೆಡಲು ಮನಸ್ಸಿದ್ದವರು ಹೇಳಿ ಅಂದರು. ಜೊತೆಗೆ ಒಂದು ಹಾಳೆ ಕೊಟ್ಟರು. ಗಿಡ ನೆಡುವ ನಿಯಮಗಳು.

ಓದಿ ನೋಡಿದೆ. ಹೆಣ್ಣು ನೋಡಲು ಬಂದವರ ಬೇಡಿಕೆ ಕೂಡ ಇಷ್ಟಿರುವುದಿಲ್ಲ. ಕಂಬದಿಂದ ಇಷ್ಟು ಅಡಿ ದೂರ. ಬೀದಿ ತಿರುವಿನಿಂದ ಇಷ್ಟು, ಗಾಡಿ ಓಡಿಸುವವರಿಗೆ ಎದುರಿನವರು ಕಾಣಬೇಕಲ್ಲ. ಚರಂಡಿಯಿಂದ ಇಷ್ಟು, ನೀರಿನ ಪೈಪಿನಿಂದ ಇಷ್ಟು, ಮನೆಯ ಗೇಟಿನಿಂದ ಇಷ್ಟು. ತಂತಿಯ ಕೆಳಗೆ ದಾಸವಾಳ, ಕಣಗಿಲೆಯಂಥ ಗಿಡ್ಡ ಜಾತಿ ಮಾತ್ರ. ಬೇವು, ಹೊಂಗೆ ಬೇಕಾದರೆ ಮೇಲೆ ಬರೀ ಆಕಾಶ ಇರಬೇಕು. ಗುಂಡಿ ತೋಡುವಾಗ ಮೇಲಿನ ಮಣ್ಣು ಬೇರೆ, ಕೆಳಗಿನ ಮಣ್ಣು ಬೇರೆ ಗುಡ್ಡೆ ಮಾಡಿ, ಮುಚ್ಚುವಾಗ ಮೇಲಿನದನ್ನು ಮೊದಲು ಒಳಗೆ ಹಾಕಬೇಕು. ಬುಡದ ಸುತ್ತ ಸಿಮೆಂಟು ಬಳಿಯಬಾರದು. ದನಕರು ಬಾಯಿ ಹಾಕದಂತೆ ಬೇಲಿ ಬೇಕು. ಸಸಿಗೆ ನೇರವಾದ, ಗಟ್ಟಿಯಾದ ಆಸರೆ ಕೋಲು ಕಟ್ಟಬೇಕು. ಬೇರು ಹಿಡಿದ ಮೇಲೆ ಆ ಕೋಲನ್ನು ತಪ್ಪದೆ ತೆಗೆಯಬೇಕು, ಇಲ್ಲದಿದ್ದರೆ ಗಿಡ ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿಯುವುದಿಲ್ಲವಂತೆ. ಕೊನೆಗೆ, ಯಾರ ಮನೆ ಅಥವಾ ಅಂಗಡಿಯ ಮುಂದೆ ನೆಡುತ್ತೀರೋ ಅವರ ಒಪ್ಪಿಗೆ ಇರಬೇಕು.

ಒಂದೊಂದೂ ಸರಿಯಾದ ಮಾತೇ. ತಕರಾರಿಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ನಮ್ಮ ಬೀದಿಗೆ ಬನ್ನಿ.

ನಮ್ಮ ಬೀದಿಯಲ್ಲಿ ಕಂಬ ತಪ್ಪಿದರೆ ಚರಂಡಿ, ಚರಂಡಿ ತಪ್ಪಿದರೆ ಗೇಟು. ಗೇಟೂ ತಪ್ಪಿತು ಅಂತ ಖುಷಿಪಟ್ಟು ಕತ್ತು ಎತ್ತಿದರೆ ನೆತ್ತಿಯ ಮೇಲೆ ತಂತಿ. ಒಪ್ಪಿಗೆಯ ವಿಷಯ ಕೇಳಲೇಬೇಡಿ. ಬೀದಿಗೆ ನೆರಳು ಬೇಕು ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಗಿಡ ಮಾತ್ರ ಪಕ್ಕದ ಮನೆಯ ಮುಂದೆ ಇರಬೇಕು. ಮೇಷ್ಟ್ರಿಗೆ ಎಲೆ ಉದುರಿದರೆ ಗುಡಿಸುವವರು ಯಾರು ಅನ್ನುವ ಚಿಂತೆ. (ಅವರಂತೂ ಅಲ್ಲ, ಅವರ ಹೆಂಡತಿ.) ಅವರ ಪಕ್ಕದವರು ಕಾರು ತೆಗೆದುಕೊಳ್ಳುವವರಿದ್ದಾರೆ, ಈಗಲೇ ಪಾರ್ಕಿಂಗ್ ಜಾಗ ಕಾಯ್ದಿಟ್ಟಿದ್ದಾರೆ. ಆಚೆಯವರಿಗೆ ತಲೆಬಾಗಿಲ ಎದುರು ಗಿಡ ಬಂದರೆ ವಾಸ್ತುದೋಷ. ಮೂಲೆಮನೆಯವರು ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುತ್ತಾರೆ, ಹಕ್ಕಿ ಬಂದು ಗಲೀಜು ಮಾಡಿದರೆ? ಮೆಣಸಿನಕಾಯಿ ತಿನ್ನುವ ಹಕ್ಕಿಗೆ ಆಗುವ ಗತಿಯ ಬಗ್ಗೆ ಯಾರಿಗೂ ಕನಿಕರವಿಲ್ಲ.

ಹೀಗೆ ಟೇಪು ಎಳೆಯುತ್ತಾ ಬೀದಿಯ ಈ ತುದಿಯಿಂದ ಆ ತುದಿಗೆ ಹೋದೆ. ಎಲ್ಲ ನಿಯಮಕ್ಕೂ ಪಾಸಾದ ಜಾಗ ಇಡೀ ಬೀದಿಯಲ್ಲಿ ಒಂದೇ ಒಂದು ಸಿಕ್ಕಿತು.

ಇಮಾಮ್‌ಸಾಬರ ಅಂಗಡಿ ಮುಂದೆ.

ಅಲ್ಲೊಂದು ಚಾಕ್‌ಪೀಸ್ ಗೆರೆ ಹಾಕಿ, ಟೇಪು ಸುತ್ತಿಕೊಂಡು ಮನೆಗೆ ಬಂದೆ.

ಇಮಾಮ್‌ಸಾಬರು ಪಂಪ್‌ಸೆಟ್ ಮೋಟರ್‌ಗಳಿಗೆ ತಾಮ್ರದ ತಂತಿ ಸುತ್ತುವ ಮೆಕ್ಯಾನಿಕ್. ಅವರ ಅಂಗಡಿ ಮುಂದೆ ಅವರ ತಂದೆ ಹಚ್ಚಿದ ದೊಡ್ಡ ಬೇವಿನ ಮರವಿತ್ತು. ಅದರ ಕೆಳಗೆ ಬೆಂಚು, ಬೆಂಚಿನ ಮೇಲೆ ಗಿರಾಕಿಗಳು, ಗಿರಾಕಿಗಳ ಕೈಯಲ್ಲಿ ಚಹಾ. ಆ ಮರ ಮೇಲೆ ಬೆಳೆದು ತಂತಿಯನ್ನು ಹಿಡಿಯಿತು. ಮೇಲಿನವರಿಂದ ಆರ್ಡರ್ ಬಂತು. ಕಡಿದವರು ಯಾರು ಅಂತ ಹೇಳಬೇಕೇ? ಅದಾದ ಮೇಲೆ ರಸ್ತೆ ಅಗಲವಾಯಿತು, ತಂತಿ ಎಲ್ಲ ಬೀದಿಯ ಆಚೆ ಬದಿಗೆ ಹೋಯಿತು. ಮರವೂ ಇಲ್ಲ, ತಂತಿಯೂ ಇಲ್ಲ. ಇಮಾಮ್‌ಸಾಬರ ತಲೆಯ ಮೇಲೆ ಬರೀ ಸೂರ್ಯ.

ಅಂದಿನಿಂದ ಇಬ್ಬರ ನಡುವೆ ಮಾತಿರಲಿಲ್ಲ. ಅಂದರೆ ನೇರ ಮಾತಿರಲಿಲ್ಲ. ಕರೆಂಟ್ ಹೋದರೆ ಇಮಾಮ್‌ಸಾಬರು ನಮ್ಮ ಮನೆ ಕಡೆ ಮುಖ ಮಾಡಿ, ಈ ಊರಾಗ ಲೈನ್‌ಮನ್ ಅನ್ನೋರು ಅದಾರೋ ಇಲ್ಲೋ ಅಂತ ಗೋಡೆಗೆ ಹೇಳುತ್ತಿದ್ದರು. ನಮ್ಮವರು ಕಂಬದ ಮೇಲಿನಿಂದ, ಬಂದೈತಿ ನೋಡಪ್ಪ ಅಂತ ಕಂಬಕ್ಕೆ ಹೇಳುತ್ತಿದ್ದರು. ಆದರೂ ನಮ್ಮವರನ್ನು ಮಣ್ಣು ಮಾಡಿದ ದಿನ ಇಮಾಮ್‌ಸಾಬರು ಅಂಗಡಿ ಮುಚ್ಚಿ ಬಂದಿದ್ದರು. ದೂರದಲ್ಲಿ ನಿಂತಿದ್ದರು.

ಈಗ ಅವರ ಒಪ್ಪಿಗೆ ಕೇಳಬೇಕು. ಅವರ ಮರ ಕಡಿದವನ ಹೆಸರಿನಲ್ಲಿ, ಅದೇ ಜಾಗದಲ್ಲಿ, ಬೇವು. ನೀವಾಗಿದ್ದರೆ ಹೋಗುತ್ತಿದ್ದಿರಾ?

ನಾನೂ ಎರಡು ಸಲ ಅಂಗಡಿಯ ತನಕ ಹೋಗಿ, ಇಸ್ತ್ರಿಪೆಟ್ಟಿಗೆ ಕೆಟ್ಟಿದೆ ಅಂತ ಸುಳ್ಳು ಹೇಳಿ ವಾಪಸ್ ಬಂದೆ. ಆಮೇಲೆ ಹೇಳಿಯೇಬಿಟ್ಟೆ.

ತಂತಿ ಸುತ್ತುತ್ತಿದ್ದ ಕೈ ನಿಂತಿತು. ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಹೊರಗೆ, ಚಾಕ್‌ಪೀಸ್ ಗೆರೆಯ ಕಡೆ ನೋಡಿದರು.

“ನನ್ನ ಗಿಡ ಕಡದೋನ ಹೆಸರಿಗೆ ನನ್ನ ಅಂಗಡಿ ಮುಂದ ಗಿಡ. ಅದೂ ಬೇವು. ಭಾಬಿ, ಕೊಟ್ರೇಶಿ ಹೋದ ಮ್ಯಾಲೂ ನನ್ನ ಜೋಡಿ ಮಜಾಕ್ ಮಾಡಾಕ ಹತ್ಯಾನ.”

ಬೇಡ ಅಂದರೆ ಬಿಡ್ರಿ, ಹೂಂ ಅಂದರೆ ನೀರು ದಿನಾ ನಾನೇ ಹಾಕ್ತೀನಿ ಅಂದೆ. ಅದಕ್ಕೆ ಅವರಿಗೆ ಸಿಟ್ಟು ಬಂತು. ಅಂಗಡಿ ತನ್ನದು, ನೆರಳಿನಲ್ಲಿ ಕೂರುವವನು ತಾನು, ನೀರು ಹಾಕುವವರು ನಾನೇಕೆ ಆಗಬೇಕು ಅಂತ ಜಗಳ ತೆಗೆದರು. ಜಗಳದ ನಡುವೆ ಒಪ್ಪಿಗೆ ಕೊಟ್ಟದ್ದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಂದು ಕರಾರು ಮಾತ್ರ ಹಾಕಿದರು.

“ನಾಳಿ ಯಾವನರ ಲೈನ್‌ಮನ್ ದೋಟಿ ಹಿಡಕೊಂಡು ಬಂದ್ರ ನೀವು ಬಂದು ಗಿಡದ ಮುಂದ ನಿಲ್ಲಬೇಕು. ಲೈನ್‌ಮನ್ ಹೆಂಡ್ತಿ ನಿಂತಾಳಂದ್ರ ಅವಂಗೂ ನಾಚ್ಕಿ ಬರ್ತೈತಿ.”

ಸಸಿ ಬಂತು. ಹಾಳೆಯಲ್ಲಿ ಇದ್ದ ಹಾಗೇ ಎಲ್ಲ ಮಾಡಿದೆವು. ಇಮಾಮ್‌ಸಾಬರು ಹಾರೆ ಹಾಕಿ ಗುಂಡಿ ತೋಡಿದರು. ಮೇಲಿನ ಮಣ್ಣು, ಕೆಳಗಿನ ಮಣ್ಣು ಬೇರೆ ಬೇರೆ ಮಾಡಿದೆ. ಲೈನಿಂಗ್ ಬಟ್ಟೆ ಯಾವುದು, ಮೇಲುಬಟ್ಟೆ ಯಾವುದು ಎಂದು ಮರೆಯದಂತೆ ನೋಡಿಕೊಳ್ಳುವುದು ನನಗೆ ಹೊಸದಲ್ಲವಲ್ಲ. ಕಬ್ಬಿಣದ ಟ್ರೀ ಗಾರ್ಡ್ ಮುಗಿದಿವೆ, ಮುಂದಿನ ವಾರ ಬರುತ್ತವೆ ಅಂದರು ಮೇಡಂ. ಅಲ್ಲಿಯ ತನಕ ಇರಲಿ ಅಂತ ಜಾಲಿಮುಳ್ಳು ಕಡಿದು ತಂದು ಸುತ್ತ ಇಟ್ಟೆವು. (ಹಸಿ ಜಾಲಿ ಅಂದರೆ ಆಡಿಗೆ ಊಟದ ಜೊತೆ ಉಪ್ಪಿನಕಾಯಿ ಇದ್ದಂತೆ. ಆಗ ಹೊಳೆಯಲಿಲ್ಲ.)

ಉಳಿದದ್ದು ಆಸರೆ ಕೋಲು. ನೇರವಾದದ್ದು, ಗಟ್ಟಿಯಾದದ್ದು. ಮನೆಯೆಲ್ಲ ಹುಡುಕಿದೆ. ನೇರವಾಗಿ, ಗಟ್ಟಿಯಾಗಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ. ಹಿತ್ತಲ ಗೋಡೆಗೆ ಒರಗಿದ ಅವರ ದೋಟಿ.

ಕುಡುಗೋಲು ಬಿಚ್ಚಿ ಎತ್ತಿಟ್ಟೆ. ಗಳವನ್ನು ಗಿಡ್ಡ ಮಾಡಿ ಕತ್ತರಿಸೋಣ ಅಂದರು ಇಮಾಮ್‌ಸಾಬರು. ಬೇಡ ಅಂದೆ. ಮೊಳಕಾಲೆತ್ತರದ ಸಸಿಗೆ ಮಾಳಿಗೆಯೆತ್ತರದ ಕೋಲು. ತುದಿಯಲ್ಲಿ ಕೆಂಪು ಪಟ್ಟೆ. ದೂರದಿಂದ ನೋಡಿದರೆ ಯಾವುದೋ ಪಕ್ಷದ ಧ್ವಜಕಂಬದಿಂದ ಯಾರೋ ಧ್ವಜ ಕದ್ದ ಹಾಗೆ ಕಾಣುತ್ತಿತ್ತು. ನನಗೆ ಮಾತ್ರ ಚೆಂದ ಕಂಡಿತು. ಕಡಿಯುತ್ತಿದ್ದ ಕೋಲು ಈಗ ಕಾಯುತ್ತದೆ ಅಂತ ಮನಸ್ಸಿನಲ್ಲೇ ಒಂದು ವಾಕ್ಯ ಕೂಡ ಹೊಲಿದಿಟ್ಟುಕೊಂಡೆ, ಈ ಅಂಕಣಕ್ಕೆ ಬೇಕಾಗುತ್ತದೆ ಅಂತ.

ಆ ವಾಕ್ಯ ಒಂದು ದಿನವೂ ಬಾಳಿಕೆ ಬರಲಿಲ್ಲ.

ಮರುದಿನ ಶುಕ್ರವಾರ. ಇಮಾಮ್‌ಸಾಬರು ನಮಾಜಿಗೆ ಹೋಗಿದ್ದರು. ನಾನು ಯಾರದೋ ಬ್ಲೌಸಿನ ತೋಳಿಗೆ ಪಟ್ಟಿ ಕೂಡಿಸುತ್ತಿದ್ದೆ. ಮೇಷ್ಟ್ರ ಹೆಂಡತಿ ಬಂದು, ಅಲ್ಲಿ ಏನೋ ಸಭೆ ನಡೆದೈತಿ ನೋಡ್ರಿ ಅಂದರು.

ಓಡಿದೆ. ಸಭೆಯೇ. ದುರುಗವ್ವನ ಆಡುಗಳೆಲ್ಲ ದೋಟಿಯ ಸುತ್ತ ಗುಂಡಗೆ ನಿಂತಿದ್ದವು. ಜಾಲಿಮುಳ್ಳು ಅತ್ತಿತ್ತ ಚೆಲ್ಲಿತ್ತು. ಸಸಿಯ ಜಾಗದಲ್ಲಿ ಬೆರಳುದ್ದದ ಕಡ್ಡಿ. ಕಲ್ಲು ತೆಗೆದುಕೊಂಡೆ.

ಆಗ ನೋಡಿದೆ. ಒಂದು ಆಡೂ ಕೆಳಗೆ ನೋಡುತ್ತಿರಲಿಲ್ಲ. ಎಲ್ಲವೂ ಮೆಲುಕು ಹಾಕುತ್ತಾ, ಕತ್ತು ಎತ್ತಿ, ಆ ಕೆಂಪು ಪಟ್ಟೆಯನ್ನೇ ನೋಡುತ್ತಿದ್ದವು. ಇನ್ನೂ ಬೀಳುತ್ತದೆ ಅಂತ.

ಕಲ್ಲು ಕೈಯಲ್ಲೇ ಉಳಿಯಿತು.

ಹಿಂದಿನಿಂದ ದುರುಗವ್ವ ಆಡುಗಳ ವಂಶವನ್ನೆಲ್ಲ ಜಾಲಾಡುತ್ತಾ ಬಂದಳು. ಬಂದವಳು ಗಳ ನೋಡಿ ಸೆರಗಿನಿಂದ ಬಾಯಿ ಒತ್ತಿಕೊಂಡಳು.

“ಅಣ್ಣನ ದೋಟಿ ಅಲ್ಲನವ್ವ ಇದು? ಇವಕ್ಕೇನು ಗೊತ್ತು, ಅಣ್ಣ ಇಲ್ಲ ಅಂತ. ದೋಟಿ ನಿಂತೈತಿ ಅಂದ್ರ ಅಣ್ಣ ಬಂದಾನ ಅಂತ ತಿಳದಾವ. ಬೈಬ್ಯಾಡವ್ವ ಅವಕ್ಕ.”

ನಾನು ಯಾಕೆ ಬೈಯಲಿ? ಸಂಜೆ ಬೀದಿಯಲ್ಲಿ ಬೈಕಿನ ಸದ್ದಾದರೆ ನಾನೂ ಮಷಿನ್ ನಿಲ್ಲಿಸಿ ಕಿವಿ ಕೊಡುತ್ತೇನೆ. ಅವರು ಬರುತ್ತಾರೆ ಅಂತ ಇನ್ನೂ ನಂಬಿಕೊಂಡಿರುವುದು ಈ ಊರಿನಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ. ಅಲ್ಲವಂತೆ.

ಅಷ್ಟರಲ್ಲಿ ಇಮಾಮ್‌ಸಾಬರು ಟೋಪಿ ತೆಗೆಯದೆ ಮಸೀದಿಯಿಂದ ನೇರವಾಗಿ ಬಂದರು. ಕಡ್ಡಿ ನೋಡಿದರು. ಆಡು ನೋಡಿದರು. ಗಳದ ತುದಿಯ ತನಕ ಕಣ್ಣು ಹಾಯಿಸಿದರು. ಈಗ ಗಿಡವೂ ಹೋಯಿತು, ಈ ಮನುಷ್ಯನ ಒಪ್ಪಿಗೆಯೂ ಹೋಯಿತು ಅಂದುಕೊಂಡೆ. ಆಮೇಲೆ ಅವರ ಗಡ್ಡ ಅಲುಗಾಡಿತು.

“ನೋಡ್ರಿ ಭಾಬಿ. ಒಂದು ಸಲ ತಾನ ಏಣಿ ಹತ್ತಿ ಕಡದ. ಈ ಸಲ ಮ್ಯಾಲೆ ಕುಂತು ಆಡಿನ ಕೈಲೆ ಕಡಿಸ್ಯಾನ.”

ನನಗೆ ನಗು ಬಂತು.

ಮುಖ ತಿರುಗಿಸಿದೆ, ಸೆರಗು ಕಚ್ಚಿದೆ, ನಿಲ್ಲಲಿಲ್ಲ. ನಡುಬೀದಿಯಲ್ಲಿ, ಮಟಮಟ ಮಧ್ಯಾಹ್ನ, ಅವರು ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕೆ. ದುರುಗವ್ವನೂ ನಕ್ಕಳು. ಇಮಾಮ್‌ಸಾಬರು ಗಳ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಕಿಟಕಿಯಿಂದ ನೋಡುತ್ತಿದ್ದರು. ನೋಡಲಿ. ಕಣ್ಣು ಒರೆಸಿಕೊಂಡೆ. ನಕ್ಕಾಗಲೂ ನೀರು ಬರುತ್ತದೆ, ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ.

ಈಗ ಎರಡನೇ ಸಸಿ ನಿಂತಿದೆ. ಗಾರ್ಡ್ ಬರುವ ತನಕ ಕಾಯುವ ತಾಳ್ಮೆ ಇಮಾಮ್‌ಸಾಬರಿಗೆ ಇರಲಿಲ್ಲ. ಹಳೇ ಮಂಚದ ಪಟ್ಟಿ, ಮೋಟರಿನ ಜಾಳಿಗೆ ಎಲ್ಲ ಸೇರಿಸಿ ವೆಲ್ಡಿಂಗ್ ಮಾಡಿ ಒಂದು ಗಾರ್ಡ್ ನಿಲ್ಲಿಸಿದ್ದಾರೆ. ಅದರೊಳಗೆ ಆಡು ಇರಲಿ, ಗಾಳಿಯೂ ಕೇಳಿಕೊಂಡೇ ಹೋಗಬೇಕು. ಆಸರೆಗೆ ಒಂದು ಸಾದಾ ಪೈಪು. ಬಣ್ಣ ಗಿಣ್ಣ ಏನೂ ಇಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಒಂದು ಕೊಡ ನೀರು ಹಾಕುತ್ತಾ, ಕುಡಿಯೋ ಲೈನ್‌ಮನ್ ಅಂತ ಗಿಡಕ್ಕೆ ಹೇಳುತ್ತಾರಂತೆ. ಕೊನೆಗೂ ನೇರ ಮಾತು ಶುರುವಾಗಿದೆ.

ದೋಟಿಯನ್ನು ಆ ಶುಕ್ರವಾರವೇ ಕಿತ್ತು ನನ್ನ ಕೈಗೆ ಕೊಟ್ಟಿದ್ದರು. ಇದು ಮನೆಯಲ್ಲೇ ಇರಲಿ ಅಂದರು. ಹೆಗಲ ಮೇಲೆ ಇಟ್ಟುಕೊಂಡು ಹೊರಟೆ. ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರೆ ಹಿಂದೆ ಆಡುಗಳ ಸಾಲು. ದುರುಗವ್ವ ಕೂಗಿದರೂ ನಿಲ್ಲಲಿಲ್ಲ. ನಾನು ನಿಂತರೆ ನಿಲ್ಲುತ್ತವೆ, ನಡೆದರೆ ನಡೆಯುತ್ತವೆ. ಹಾಗೇ ಮನೆ ತನಕ ಬಂದವು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಲಿಲ್ಲ, ಕೆಂಪು ಪಟ್ಟೆ ನೋಡಿದವು.

ಏನು ಮಾಡುತ್ತೀರಿ? ಹಿತ್ತಲಲ್ಲಿ ನುಗ್ಗೆ ಗಿಡ ಇದೆ. ಗಳಕ್ಕೆ ಕುಡುಗೋಲು ಕಟ್ಟಿದೆ. ಗಂಟು ಸರಿಯಾಗಿ ಬರಲಿಲ್ಲ, ಎರಡು ಸಲ ಜಾರಿತು. ಕತ್ತು ನೋಯುವ ಹಾಗೆ ಮೇಲೆ ನೋಡುತ್ತಾ ಎಳೆದೆ. ಒಂದು ಕೊಂಬೆ ಬಿತ್ತು. ಅವು ತಿಂದವು.

ಅಂದಿನಿಂದ ಸಂಜೆಯಾದರೆ ಬಾಗಿಲಿಗೆ ಬರುತ್ತವೆ. ನುಗ್ಗೆ ಗಿಡ ಈಗಾಗಲೇ ಅರ್ಧ ಬೋಳಾಗಿದೆ. ಪುರಸಭೆಯ ಹಾಳೆ ಮಷಿನ್ನಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ, ಹೊಲಿಯುವಾಗ ಕಣ್ಣಿಗೆ ಬೀಳುತ್ತಿರುತ್ತದೆ. ಬೇರು ಹಿಡಿದ ಮೇಲೆ ಆಸರೆ ಕೋಲನ್ನು ತಪ್ಪದೆ ತೆಗೆಯಬೇಕು ಅಂತಿದೆ. ಸರಿಯಾದ ಮಾತೇ. ತಕರಾರಿಲ್ಲ. ಒಂದು ದಿನ ಆ ಪೈಪು ತೆಗೆಯೋಣ, ಈ ದೋಟಿಯನ್ನೂ ಎತ್ತಿಡೋಣ.

ಆದರೆ ಆಡುಗಳಿಗೆ ಹೇಳುವವರು ಯಾರು?